ಉಪ್ಪಿಲ್ಲದ ಕಡಲ ಮಣ್ಣು

"ಥೂ! ಉಗೀರಿ, ಮೊದ್ಲು ಉಗೀರಿ! ಏನ್ರೀ ಮಾಡ್ತಿದ್ದೀರಾ? ಅದು ಮೂವತ್ತು ಲಕ್ಷ ವರ್ಷದ ಮಣ್ಣು ಕಣ್ರೀ, ಉಪ್ಪಿನಕಾಯಿ ಅಲ್ಲ!"

ಡಾಕ್ಟರ್ ರವಿಚಂದ್ರ ಅರಚಿದ ರಭಸಕ್ಕೆ ಬಾಯಿಂದ ಹೊರಟ ಹಬೆ ಅವರದೇ ಕನ್ನಡಕಕ್ಕೆ ಮೆತ್ತಿಕೊಂಡಿತು.

ಎ.ಎಸ್.ಐ. ಗಂಗಲಕ್ಷ್ಮಮ್ಮ ಉಗಿಯಲಿಲ್ಲ. ಖಾಕಿಯ ಮೇಲೆ ಮಗಳ ಸ್ವೆಟರ್ ಏರಿಸಿಕೊಂಡಿದ್ದ ಆ ಐವತ್ತೆರಡರ ಹೆಂಗಸು ನಾಲಗೆಯ ಮೇಲಿದ್ದ ಚಿಟಿಕೆ ಮಣ್ಣನ್ನು ಆ ಕೆನ್ನೆಗೊಮ್ಮೆ ಈ ಕೆನ್ನೆಗೊಮ್ಮೆ ಹೊರಳಿಸಿದಳು. ಮುಂದಿನ ಹಲ್ಲಿನಲ್ಲಿ ಅರೆದಳು. ಆಮೇಲೆ ನಿಧಾನವಾಗಿ ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡಳು.

"ಉಪ್ಪಿನಕಾಯಿಗೆ ಉಪ್ಪಾದ್ರೂ ಇರ್ಬೇಕಲ್ಲ ಸಾರ್. ಇದಕ್ಕಿಲ್ಲ."

"ಏನಂದ್ರಿ?"

"ದಕ್ಷಿಣ ಧ್ರುವದ ಹತ್ರ, ಸಮುದ್ರದ ತಳದಿಂದ ತೆಗ್ದಿದ್ದು ಅಂದ್ರಲ್ಲ. ಸಮುದ್ರದ ಮಣ್ಣಿಗೆ ಒಂದು ಹರಳು ಉಪ್ಪಿಲ್ಲ ಅಂದ್ರೆ ಹೆಂಗೆ?"

"ನೀವೇನು ವಿಜ್ಞಾನಿನೇನ್ರೀ?"

"ಅಲ್ಲ. ಅಪ್ಪಯ್ಯಣ್ಣನ ಮಗಳು. ನಮ್ಮಪ್ಪ ಹೊಲಕ್ಕೆ ಹೊಡೆಯೋ ಮಣ್ಣನ್ನ ನಾಲಿಗೆಗೆ ಹಚ್ಚಿ ನೋಡ್ದೆ ಗಾಡಿ ಹೂಡಿದೋನಲ್ಲ. ಇದು ಗೋಡು ಸಾರ್. ಕೆರೆ ಗೋಡು. ನಮ್ಮ ಕಡೆ ಕೆರೆ ಬತ್ತಿದಾಗ ತಳದಿಂದ ಕಡಿದು ಹೊಲಕ್ಕೆ ಹಾಕ್ತೀವಲ್ಲ, ಅದು."

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನೀವು ಬಾಯನ್ನೇ ಕೆಸರು ಮಾಡ್ಕೊಂಡು ಕೊಲೆ ಕೇಸ್ ಬಿಡಿಸ್ತೀರಾ? ನಿಮ್ಮ ಎಸ್ಪಿ ಹತ್ರಾನೇ ಮಾತಾಡ್ತೀನಿ ನಾನು!"

ಬಾಗಿಲ ತನಕ ಹೋದ ರವಿಚಂದ್ರ ಅಲ್ಲೇ ನಿಂತರು. ತಿರುಗಿದರು. ದನಿ ಇಳಿದಿತ್ತು.

"ಹಾಗಾದ್ರೆ ನಿಜವಾದ್ದು ಎಲ್ಲಿ?"

ಕೇಳಿದ್ದು ಗಂಗಲಕ್ಷ್ಮಮ್ಮನನ್ನು. ನೋಡಿದ್ದು ಮಾತ್ರ ಮೂಲೆಯಲ್ಲಿ ನಿಂತಿದ್ದ ತಮ್ಮ ವಿದ್ಯಾರ್ಥಿನಿ ಸಂಘಮಿತ್ರಳನ್ನು. ಉತ್ತರಕ್ಕೆ ಕಾಯದೆ, ಅಂಗಳದಾಚೆ ಇದ್ದ ತಮ್ಮ ಆಫೀಸು ಕೋಣೆಗೆ ದಾಪುಗಾಲು ಹಾಕಿದರು.

ಗಂಗಲಕ್ಷ್ಮಮ್ಮನಿಗೆ ಆ ನೋಟ ಮುಳ್ಳಿನಂತೆ ಚುಚ್ಚಿತು. ಹತ್ತು ವರ್ಷ ಜೋಪಾನ ಮಾಡಿದ ಮಣ್ಣು ಕೆರೆ ಗೋಡು ಎಂದರೆ ಯಾವ ವಿಜ್ಞಾನಿಯಾದರೂ ನಗಬೇಕು, ಇಲ್ಲವೇ ಎದೆ ಹೊಡೆದುಕೊಳ್ಳಬೇಕು. ಈ ಮನುಷ್ಯ ಎರಡೂ ಮಾಡಲಿಲ್ಲ. ಮಣ್ಣು ಬದಲಾಗಿದೆ ಎಂಬುದು ಇವರಿಗೆ ಮೊದಲೇ ಗೊತ್ತು.

ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷವಾಗಿತ್ತು.

ಶನಿವಾರ ಇದೇ ಕೋಣೆಯಲ್ಲಿ ಹೊರಗಿನಿಂದ ಬೀಗ ಬಿದ್ದು, ತೆಳು ಶರ್ಟಿನಲ್ಲಿದ್ದ ವಿಜ್ಞಾನಿ ಸುನಿಲ್‌ಕುಮಾರ್ ಚಳಿಗೆ ಸೆಟೆದು ಸತ್ತಿದ್ದ. ಸೋಮವಾರ ಹೆಣ ಸಿಕ್ಕಿತ್ತು, ಅವತ್ತೇ ಸಂಜೆ ನಾಲ್ಕಕ್ಕೆ ಸಂಘಮಿತ್ರಳ ಅಣ್ಣ ಅಮರ್ ಲಾಕಪ್ಪು ಸೇರಿದ್ದ.

ಹೊಸಕೋಟೆಯ ಹೊರಗೆ, ಹಳೆ ಮದ್ರಾಸ್ ರಸ್ತೆಯ ಪಕ್ಕದ ಖಾಸಗಿ ಕೋಲ್ಡ್ ಸ್ಟೋರೇಜ್ ಅದು. ಮುಂದಿನ ಕೋಣೆಗಳಲ್ಲಿ ಆಲೂಗಡ್ಡೆ, ಹುಣಸೆಹಣ್ಣು. ಹಿಂದಿನ ಒಂದು ಕೋಣೆಯನ್ನು ರವಿಚಂದ್ರರು ಮುಖ್ಯಸ್ಥರಾಗಿದ್ದ ಸಂಶೋಧನಾ ಸಂಸ್ಥೆ ಬಾಡಿಗೆಗೆ ಹಿಡಿದು, ಕಡಲ ತಳದಿಂದ ಪೈಪಿನಲ್ಲಿ ಎತ್ತಿದ ಮಣ್ಣನ್ನು ಎರಡೆರಡು ಅಡಿಯ ತುಂಡು ಮಾಡಿ ಇಟ್ಟಿತ್ತು. ಗಂಗಲಕ್ಷ್ಮಮ್ಮ ಬಾಯಿಗೆ ಹಾಕಿದ್ದು ಅದರ ಮೂರನೇ ತುಂಡಿನ ಮಣ್ಣು. ಅಮರ್ ಅಲ್ಲಿನ ಯಂತ್ರ ನೋಡಿಕೊಳ್ಳುವವನು. ಇಪ್ಪತ್ತೆಂಟು ವರ್ಷ. ಸಂಘಮಿತ್ರ ಅದೇ ಸಂಸ್ಥೆಯಲ್ಲಿ ಸಂಶೋಧನೆ ಮಾಡುವ ಹುಡುಗಿ.

ಬಾಗಿಲಿನದು ಒತ್ತಿದರೆ ಬೀಳುವ ಬೀಗ. ಹಾಕಲು ಕೀ ಬೇಡ. ಯಾರು ಬೇಕಾದರೂ ಹಾಕಿರಬಹುದು. ಆದರೆ "ನಾನೇ ಹಾಕಿದೆ" ಎಂದು ಹೇಳಿಕೆ ಕೊಟ್ಟವನು ಅಮರ್ ಒಬ್ಬನೇ. ಕೆಳಗೆ ಅವನ ಸಹಿ ಇತ್ತು. ಆ ಹೇಳಿಕೆ ಬರೆದುಕೊಂಡವಳು ಇದೇ ಗಂಗಲಕ್ಷ್ಮಮ್ಮ.

ಇವತ್ತು ಮಂಗಳವಾರ. ಮೂರೂವರೆಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಒಮ್ಮೆ ಕೊಲೆ ಕೇಸಿನಲ್ಲಿ ಜೈಲಿನ ಗೇಟು ದಾಟಿದ ಬಡವನ ಮಗ ಹೊರಗೆ ಬರುವುದು ಎಷ್ಟು ವರ್ಷಕ್ಕೆ ಎಂಬುದನ್ನು ಅವಳು ಕಣ್ಣಾರೆ ಕಂಡಿದ್ದಳು. ಉಳಿದದ್ದು ಎರಡು ಗಂಟೆ ಇಪ್ಪತ್ತು ನಿಮಿಷ.

"ಬಾ ಮಗಾ ಇಲ್ಲಿ," ಎಂದಳು. "ಈ ಪೈಪಿನಲ್ಲಿ ನೀವೆಲ್ಲ ಏನು ಓದ್ತೀರಾ? ನಂಗೆ ಅರ್ಥ ಆಗೋ ಹಂಗೆ ಹೇಳು. ಬೇಗ."

ಸಂಘಮಿತ್ರ ಹತ್ತಿರ ಬಂದಳು. ಎರಡು ದಿನದಿಂದ ಅತ್ತೂ ಅತ್ತೂ ಕಣ್ಣು ಊದಿದ್ದವು. ಉದ್ದಕ್ಕೆ ಸೀಳಿಟ್ಟಿದ್ದ ಎರಡನೇ ತುಂಡಿನ ಮೇಲೆ ಬೆರಳಿಟ್ಟಳು. ಬೂದು ಮಣ್ಣಿನ ನಡುವೆ ಗೋಲಿಯಷ್ಟು ದಪ್ಪದ ಕರಿ ಕಲ್ಲೊಂದು ಕೂತಿತ್ತು.

"ದಕ್ಷಿಣ ಧ್ರುವದ ನೆಲದ ಮೇಲೆ ಮೈಲಿಗಟ್ಟಲೆ ದಪ್ಪ ಹಿಮ ಹಾಸ್ಕೊಂಡಿರುತ್ತೆ ಮೇಡಂ. ಅದು ಸುಮ್ನೆ ಕೂತಿರಲ್ಲ. ನೆಲಾನ ತೇಯ್ಕೊಂಡು, ಕಲ್ಲು ಕಿತ್ಕೊಂಡು, ಸಮುದ್ರದ ಕಡೆ ಜಾರ್ತಾ ಇರುತ್ತೆ. ತುದಿ ಮುರಿದು ನೀರಿಗೆ ಬಿದ್ದ ಗಡ್ಡೆ ತೇಲ್ತಾ ಕರಗುತ್ತೆ. ಹೊಟ್ಟೇಲಿದ್ದ ಕಲ್ಲು ತಳಕ್ಕೆ ಬೀಳುತ್ತೆ. ನೋಡಿ, ಕಲ್ಲಿನ ಕೆಳಗೆ ಪದರ ಹೆಂಗೆ ಬಗ್ಗಿದೆ. ಹಾಸಿಗೆ ಮೇಲೆ ಗುಂಡುಕಲ್ಲು ಬಿದ್ದಂಗೆ."

"ಕಲ್ಲಿದ್ರೆ ಹಿಮ ಹತ್ರ ಇತ್ತು ಅಂತ."

"ಹೂಂ. ಕಲ್ಲೇ ಇಲ್ದೆ ಬರೀ ಹಸಿರು ಜೇಡಿ ಇದ್ರೆ ಹಿಮ ದೂರ ಸರಿದಿತ್ತು, ಬಿಸಿಲು ನೀರಿಗೆ ಬೀಳ್ತಿತ್ತು, ಪಾಚಿ ಬೆಳೀತಿತ್ತು ಅಂತ. ಹಿಮ ಯಾವಾಗ ಬಂತು, ಯಾವಾಗ ಹಿಂದಕ್ಕೆ ಹೋಯ್ತು, ಅಷ್ಟೂ ಇಲ್ಲಿ ಬರ್ದಿರುತ್ತೆ."

ಗಂಗಲಕ್ಷ್ಮಮ್ಮ ತಲೆ ಆಡಿಸಿದಳು. ಇದೇನೂ ಅವಳಿಗೆ ಹೊಸ ವಿದ್ಯೆಯಲ್ಲ. ಬೇಸಿಗೆಯಲ್ಲಿ ಗೋಡು ಕಡಿಯುವಾಗ ಅಪ್ಪ ಗುಂಡಿಯ ಗೋಡೆಯಲ್ಲಿ ಮರಳಿನ ಗೆರೆ ತೋರಿಸುತ್ತಿದ್ದ. ಇದು ಕೆರೆ ಕೋಡಿ ಬಿದ್ದ ವರ್ಷ, ಇದು ನಿನ್ನ ಅಕ್ಕ ಹುಟ್ಟಿದ ವರ್ಷ, ಇಗೋ ಈ ಕರಿ ಜೇಡಿ, ಅವತ್ತು ನೀರು ಕದಡದೆ ವರ್ಷವಿಡೀ ನಿಂತಿತ್ತು. ಮೂರನೇ ಕ್ಲಾಸೂ ಓದದ ಮುದುಕ ಮಣ್ಣನ್ನು ಪಂಚಾಂಗದಂತೆ ಓದುತ್ತಿದ್ದ.

"ನಿಜವಾದ ಮೂರನೇ ತುಂಡಿನಲ್ಲಿ ಏನಿತ್ತು?"

"ಹಸಿರು ಪಟ್ಟೆ. ನಾಲ್ಕು ಬೆರಳಗಲ."

"ಅದ್ರಿಂದ ಯಾರಿಗೇನು ನಷ್ಟ?"

ಹುಡುಗಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಆಗ ಭೂಮಿ ಈಗ ಆಗ್ತಾ ಇರೋ ಹಂಗೇ ಬಿಸಿಯಾಗಿತ್ತು. ಅಷ್ಟಾದ್ರೂ ಅಲ್ಲಿ ಹಿಮ ಅಲುಗಲೇ ಇಲ್ಲ ಅಂತ ನಮ್ಮ ಸಾರ್ ಹತ್ತು ವರ್ಷದಿಂದ ಬರೀತಾ ಬಂದಿದ್ದಾರೆ. ಆ ಹೆಸರಿನ ಮೇಲೇ ಅವರ ಕುರ್ಚಿ ನಿಂತಿರೋದು. ಹಸಿರು ಪಟ್ಟೆ ಅದನ್ನ ಸುಳ್ಳು ಅನ್ನುತ್ತೆ. ಹಿಮ ಅವತ್ತು ಓಡಿಹೋಗಿತ್ತು ಮೇಡಂ. ಅವತ್ತು ಓಡಿದ್ದು ಮತ್ತೂ ಓಡುತ್ತೆ. ಕಡಲು ಏರುತ್ತೆ. ಸುನಿಲ್ ಅದನ್ನೇ ಅಳೀತಿದ್ದ."

"ಈ ಸುಳ್ಳು ತುಂಡಿನಲ್ಲಿ?"

"ಕಲ್ಲಿದೆ, ಹಸಿರಿಲ್ಲ. ಕಲ್ಲಿನ ಕೆಳಗೆ ಪದರ ಬಗ್ಗೂ ಇಲ್ಲ. ಕೈಯಲ್ಲಿ ಒತ್ತಿ ಕೂರಿಸಿರೋ ಕಲ್ಲು."

ಪಟಪಟನೆ ಬಂತು ಮಾತು. ಆ ತುಂಡನ್ನು ಹುಡುಗಿ ತಿರುಗಿಯೂ ನೋಡಿರಲಿಲ್ಲ. ಗಂಗಲಕ್ಷ್ಮಮ್ಮ ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು, ಬಾಯಿ ಬಿಡಲಿಲ್ಲ.

ಮೊಬೈಲು ತೆಗೆದು ಸುನಿಲ್‌ಕುಮಾರನ ನೋಟ್‌ಬುಕ್ಕಿನ ಕೊನೆಯ ಪುಟದ ಫೋಟೊ ದೊಡ್ಡದು ಮಾಡಿದಳು. ಮೂರನೇ ತುಂಡಿನ ಅಳತೆ ಹನ್ನೊಂದು ಸಾಲು. "ಹಸಿರು ಪಟ್ಟೆ, ೭ ಸೆಂ.ಮೀ." ಅದರ ಕೆಳಗೆ ಎರಡು ಬೆರಳು ಖಾಲಿ. ಆಮೇಲೆ ಒಂದೇ ಸಾಲು: "೩ನೇ ತುಂಡು. ಇದು ನಮ್ಮದಲ್ಲ."

"ನೋಡಿಲ್ಲಿ. ಮೇಲೆ ನಿಜವಾದ್ದನ್ನ ಅಳೆದಿದ್ದಾನೆ. ಕೆಳಗೆ ಸುಳ್ಳು ತುಂಡು ಕಂಡು ಗಾಬರಿಯಾಗಿದ್ದಾನೆ. ಅಂದ್ರೆ ಬದಲಾಗಿದ್ದು ನಡುವೆ. ಪುಸ್ತಕದಲ್ಲಿ ಮೇಲಿರೋದು ಮೊದ್ಲಿಂದು, ಅಲ್ವಾ?"

"ಹೂಂ. ಮಣ್ಣಲ್ಲಿ ಉಲ್ಟಾ. ಮೇಲಿರೋದೇ ಆಮೇಲೆ ಬಿದ್ದಿದ್ದು." ಸಂಘಮಿತ್ರಳ ಮುಖದಲ್ಲಿ ಮೊದಲ ಬಾರಿಗೆ ಒಂದು ಎಳೆ ನಗು ಬಂತು. "ನಮ್ಮೂರು ರಾಜಘಟ್ಟದಲ್ಲಿ ಹಳೇ ಕಾಲದ್ದು ಅಗೆದಾಗ ನಮ್ಮಪ್ಪ ಪಾಪಯ್ಯ ಕೂಲಿಗೆ ಹೋಗಿದ್ರು. ನಂಗೆ ಈ ಹೆಸರಿಟ್ಟಿದ್ದೂ ಅಲ್ಲಿ ಬುದ್ಧನ ಕಾಲದ ಕಥೆ ಕೇಳಿನೇ. ಅಪ್ಪ ಹೇಳೋರು, ನಮ್ಮ ಮಾತಲ್ಲೇ ಇದೆಯಲ್ಲ ಮಗಳೇ, ಆ-ಮೇಲೆ. ಅದರ ಮೇಲಿರೋದು ಅದಾದ ಮೇಲಿಂದು."

ಗಂಗಲಕ್ಷ್ಮಮ್ಮನ ಕೈಯಲ್ಲಿದ್ದ ಮೊಬೈಲು ಅಲ್ಲೇ ನಿಂತಿತು.

ಮೇಲೆ.

ಕೋಣೆಯಿಂದ ಹೊರಗೆ ಓಡಿದಳು. ಬಾಗಿಲ ಎದುರಿಗೇ ಕಬ್ಬಿಣದ ಮೆಟ್ಟಿಲು, ಅದರ ತುದಿಯಲ್ಲಿ ಯಂತ್ರದ ಕೋಣೆ. ಅದರ ಬಾಗಿಲಿಗೆ ಹಿತ್ತಾಳೆಯ ಬೀಗ.

"ಆ ಮೇಲಿನ ಬೀಗ ಯಾರು ಹಾಕೋದು?"

"ಅಣ್ಣನೇ. ಸಾಮಾನು ಕಳುವಾಗುತ್ತೆ ಅಂತ ಊಟಕ್ಕೆ ಹೋಗೋವಾಗ ಮೇಲೆ ಬೀಗ ಹಾಕ್ಕೊಂಡೇ ಹೋಗೋದು. ಯಾಕೆ ಮೇಡಂ?"

ಸೋಮವಾರ ಮಧ್ಯಾಹ್ನ, ಗಳಗಳ ಅಳುತ್ತಾ, ಉಸಿರು ಸಿಕ್ಕಿಸಿಕೊಂಡು ಅಮರ್ ಹೇಳಿದ ಮಾತು ಗಂಗಲಕ್ಷ್ಮಮ್ಮನ ಕಿವಿಯಲ್ಲಿ ಮತ್ತೆ ಕೇಳಿಸಿತು.

"ಸುನಿಲ್ ಸಾರ್ ಒಳಗೋದ್ರು ಮೇಲೆ ಬೀಗ ಹಾಕ್ಕೊಂಡು ಊಟಕ್ಕೋದೆ."

ಅವಳು ಬರೆದದ್ದು: "ಸುನಿಲ್‌ಕುಮಾರ್‌ರವರು ಒಳಗೆ ಹೋದ ಮೇಲೆ ಬೀಗ ಹಾಕಿಕೊಂಡು ಊಟಕ್ಕೆ ಹೋದೆನು."

ಅವನು ಹೇಳಿದ್ದು ಎರಡು ಮಾತು. ಸುನಿಲ್ ಒಳಗೆ ಹೋದರು. ಮೇಲೆ ಬೀಗ ಹಾಕಿದೆ, ಯಂತ್ರದ ಕೋಣೆಗೆ. ಇವಳು ಎರಡನ್ನೂ ಹೊಸೆದು ಒಂದು ಮಾಡಿ ಅವನ ಕೊರಳಿಗೆ ಹಾಕಿದ್ದಳು. ಅಕ್ಷರ ಮುತ್ತಿನಂತಿದೆ, ವಾಕ್ಯ ಶುದ್ಧವಾಗಿದೆ ಎಂದು ಠಾಣೆಯ ಹೇಳಿಕೆಗಳೆಲ್ಲ ಅವಳ ಕೈಗೇ ಬರುತ್ತಿದ್ದವು. ಹಾಳು ಶುದ್ಧ ಕನ್ನಡ! ಬರೆದದ್ದನ್ನು ಗಡಗಡ ಓದಿ ಹೇಳಿದಾಗ ಅವನು ಹೂಂ ಅಂದಿದ್ದ. ಅವನ ಕಿವಿಗೆ ಅವನದೇ ಮಾತು ಕೇಳಿಸಿತ್ತು. ಆಮೇಲೆ, "ನಾನು ಹಂಗೆ ಹೇಳೇ ಇಲ್ಲ," ಎಂದು ಕಂಬಿಗೆ ತಲೆ ಚಚ್ಚಿಕೊಂಡಿದ್ದ. ಸಿಕ್ಕಿಬಿದ್ದವರೆಲ್ಲ ಹಾಗೇ ಅನ್ನುತ್ತಾರೆ ಎಂದು ಇವಳು ಟೀ ಕುಡಿಯಲು ಹೋಗಿದ್ದಳು.

ಇನ್‌ಸ್ಪೆಕ್ಟರ್ ಬೈರೇಶನಿಗೆ ಫೋನು ಮಾಡಿ, ಮುಚ್ಚುಮರೆಯಿಲ್ಲದೆ ಹೇಳಿದಳು.



"ಗಂಗಲಕ್ಷ್ಮಮ್ಮೋರೇ, ನೀವೇ ಬರ್ದಿದ್ದು, ನೀವೇ ಓದಿ ಹೇಳಿದ್ದು. ಈಗ ಒಂದು 'ರು' ಬಿಟ್ಟೋಯ್ತು ಅಂತ ಕೋರ್ಟಲ್ಲಿ ಹೇಳ್ಲಾ? ಇಬ್ರನ್ನೂ ಓಡಿಸ್ತಾರೆ."

"ನನ್ನ ಕೆಲಸ ಹೋದ್ರೆ ಹೋಗ್ಲಿ ಸಾರ್. ಅವನು ಹಾಕಿಲ್ಲ."

"ನಿಮ್ಮ ಕೆಲಸ ತಗೊಂಡು ನಾನೇನು ಮಾಡ್ಲಿ? ಕೈಯಲ್ಲಿ ಹಿಡಿದು ತೋರ್ಸೋ ಅಂಥದ್ದು ತನ್ನಿ. ಅಮರ್ ಒಂದೂವರೆ ಬಸ್ಸಿಗೆ ಹತ್ತಿದ್ದಕ್ಕೆ ಕಂಡಕ್ಟರ್ ಸಾಕ್ಷಿ ಇದ್ದಾನೆ, ಅವತ್ತು ವಾಪಸ್ ಬರ್ಲಿಲ್ಲ ಅಂತ ವಾಚ್‌ಮನ್ನೂ ಹೇಳಿದ್ದಾನೆ. ಅದಾದ ಮೇಲೂ ಆ ರೂಮಿನ ಬಾಗ್ಲು ತೆಗೆದಿತ್ತು ಅಂತ ತೋರ್ಸಿ, ನಾನೇ ನಿಲ್ಲಿಸ್ತೀನಿ. ಮೂರೂವರೆ ತನಕ. ಒಂದು ನಿಮಿಷ ಜಾಸ್ತಿ ಇಲ್ಲ."

ಫೋನು ಇಟ್ಟಾಗ ಗಂಟೆ ಎರಡಾಗಲು ಹತ್ತು ನಿಮಿಷ.

ಗಂಗಲಕ್ಷ್ಮಮ್ಮ ಕೋಣೆಗೆ ಮರಳಿ ಸು‌ಳ್ಳು ತುಂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಒಂದನೇ ತುಂಡಿನ ತುದಿಗೆ ಒಂದು ಚೀಟಿ ಅಂಟಿತ್ತು. "ಶನಿ, ೧-೧೦" ಎಂದು ಬರೆದು ಸುನಿಲನ ಸಹಿ. ಎರಡನೆಯದರ ಮೇಲೆ "ಶನಿ, ೧-೫೫". ಅಳೆದು ಮುಗಿದ ಪ್ರತಿ ತುಂಡಿಗೂ ಅವನು ಹಾಗೆ ಚೀಟಿ ಅಂಟಿಸುತ್ತಿದ್ದ. ಮೂರನೆಯದರ ಮೇಲೆ ಏನೂ ಇಲ್ಲ.

ಇರುವುದಾದರೂ ಹೇಗೆ? ಆ ಚೀಟಿ ನಿಜವಾದ ಪೈಪಿನ ಜೊತೆ ಹೋಗಿದೆ.

ಅವಳು ಮಣ್ಣನ್ನು ಉಗುರಿನಲ್ಲಿ ಕೆದಕಿದಳು. ಗೋಡು ಪದರ ಪದರವಾಗಿ ಬಿಟ್ಟುಕೊಂಡಿತು. ನಡುವಿನಿಂದ ಕಡಲೆಕಾಳಿನಷ್ಟು ಕೆಂಪು ಚೂರೊಂದು ಹೊರಬಂತು. ಅಂಗೈಯಲ್ಲಿಟ್ಟು ಉಜ್ಜಿದಳು. ಸುಟ್ಟ ಇಟ್ಟಿಗೆ. ಈಗಿನ ಗೂಡಿನದಲ್ಲ, ಕಾಲ ಸವೆಸಿದ ಹಳೇ ಇಟ್ಟಿಗೆ. ಚಿಕ್ಕಂದಿನಲ್ಲಿ ಇಂಥ ಚೂರನ್ನು ಹೊಲದಿಂದ ಆಯ್ದು ಕುಂಟಾಬಿಲ್ಲೆ ಆಡಿದವಳು ಅವಳು. ಅಪ್ಪ ಗೋಡು ಹೊಡೆಯುತ್ತಿದ್ದದ್ದು ಪಕ್ಕದೂರಿನ ಕೆರೆಯಿಂದ. ಪಕ್ಕದೂರು ರಾಜಘಟ್ಟ.

"ಸಂಘಮಿತ್ರ."

"ಮೇಡಂ?"

"ಪೈಪಿಗೆ ಗೋಡು ಯಾವಾಗ ತುಂಬ್ದೆ ನೀನು?"

ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು.

"ನಿಮ್ಮೂರ ಕೆರೆ ಇದು. ಬೇರೆ ಯಾವ ಕೆರೇಲೂ ಈ ಚೂರು ಬರಲ್ಲ. ಸುಳ್ಳು ಹೇಳ್ಬೇಡ, ಕಪಾಳಕ್ಕೆ ಬಾರಿಸ್ಬಿಡ್ತೀನಿ! ನಿನ್ನ ಒಡಹುಟ್ಟಿದೋನು ಅಲ್ಲಿ ಕಂಬಿ ಹಿಂದೆ ಕೂತವ್ನೆ, ನೀನಿಲ್ಲಿ ನಂಗೆ ಪಾಠ ಹೇಳ್ತಾ ನಿಂತಿದ್ದೀಯಾ?"

"ಬಾರಿಸಿ!" ಸಂಘಮಿತ್ರಳೂ ಸಿಡಿದಳು. "ಬಾರಿಸಿ, ಪರವಾಗಿಲ್ಲ. ಅವನನ್ನ ಒಳಗೆ ಹಾಕಿದ ಕೈ ಯಾವುದು ಅಂತ ಈಗಷ್ಟೇ ಫೋನಲ್ಲಿ ಕೇಳಿಸ್ಕೊಂಡೆ."

ಕೋಣೆಯ ಫ್ಯಾನುಗಳು ಗುಯ್ಯೆನ್ನುತ್ತಿದ್ದವು. ಹುಡುಗಿ ಕಪಾಟಿಗೆ ಒರಗಿ ಕುಸಿದಳು.

"ಸೋಮವಾರ ಮೂರನೇ ತುಂಡನ್ನ ಪರೀಕ್ಷೆಗೆ ಹೊರಗೆ ಕಳಿಸ್ತೀನಿ ಅಂತ ಸಾರ್ ಶುಕ್ರವಾರ ಹೇಳಿದ್ರು. ಎಲ್ಲಿಗೆ ಅಂದ್ರೆ ಹೇಳ್ಲಿಲ್ಲ. ಹೋದ ವರ್ಷ ಹಂಗೇ ಇನ್ನೊಂದು ತುಂಡು ಹೋಯ್ತು. ವಾಪಸ್ ಬರ್ಲೇ ಇಲ್ಲ. ಅದಕ್ಕೇ... ಶನಿವಾರ ಬೆಳಿಗ್ಗೆ ಕೆರೇಲಿ ಪೈಪು ತುಂಬ್ಕೊಂಡು ಬಂದೆ. ಸುನಿಲ್ ಟೀ ಕುಡಿಯೋಕೆ ಹೋದಾಗ ಬದಲಾಯಿಸಿದೆ."

"ಎಷ್ಟೊತ್ತಿಗೆ?"

"ಮೂರು ಗಂಟೆ. ಅವನು ಚೀಟಿ ಅಂಟಿಸಿ ಹೋಗಿದ್ದ. ಎರಡು ನಲವತ್ತು ಅಂತಿದೆ ಅದರ ಮೇಲೆ."

ಅಮರ್ ಒಂದೂವರೆಗೇ ಬಸ್ಸು ಹತ್ತಿದ್ದ. ಎರಡು ನಲವತ್ತರ ಚೀಟಿ ಇರುವ ಪೈಪು ಈ ಕೋಣೆಯಿಂದ ಹೊರಗೆ ಹೋಗಿದೆ ಎಂದರೆ, ಎರಡು ನಲವತ್ತರ ಮೇಲೆ ಈ ಬಾಗಿಲು ತೆರೆದೇ ಇತ್ತು. ಸೋಮವಾರದಿಂದ ಕೋಣೆಗೆ ಪೊಲೀಸ್ ಸೀಲು. ಬೇರೆ ದಾರಿಯೇ ಇಲ್ಲ. ಕೈಯಲ್ಲಿ ಹಿಡಿದು ತೋರಿಸುವಂಥದ್ದು ಇದೇ!

"ಅಯ್ಯೋ ಹುಚ್ಚು ಮುಂಡೇದೆ, ಇದನ್ನ ನಿನ್ನೆಯೇ ಯಾಕೆ ಬೊಗಳಲಿಲ್ಲ?"

"ಹೇಳಿದ್ರೆ ಕೊನೇಲಿ ಇಲ್ಲಿದ್ದೋಳು ನಾನಾಗ್ತೀನಿ. ಕದ್ದೋಳು ನಾನು. ಅಣ್ಣನ್ನ ಬಿಟ್ಟು ನನ್ನ ಹಾಕ್ತಿದ್ರಿ, ಅಷ್ಟೇ ತಾನೆ? ಸಾರ್ ಬೇರೆ, ನೀನು ಸುಮ್ನಿರು, ವಾರದಲ್ಲಿ ಅಮರ್‌ನ ಬಿಡಿಸೋ ಜವಾಬ್ದಾರಿ ನಂದು ಅಂದ್ರು." ಅವಳ ದನಿ ಒಡೆಯಿತು. "ಸುನಿಲ್ ಟೀ ಕುಡಿದು ಬಂದು ನೋಡಿರ್ತಾನೆ. ಒಳಗೆ ಸಿಗ್ನಲ್ ಸಿಗಲ್ಲ, ಹೊರಗೆ ಬಂದು, ಇದು ನಮ್ಮದಲ್ಲ ಅಂತ ಸಾರ್‌ಗೇ ಫೋನ್ ಮಾಡಿರ್ತಾನೆ. ಇನ್ಯಾರಿಗೆ ಮಾಡ್ತಾನೆ? ನಾನು ಅದನ್ನ ಮುಟ್ಟದೆ ಇದ್ದಿದ್ರೆ ಅವನು ಇವತ್ತು ಇರ್ತಿದ್ದ ಅಮ್ಮ. ಯಾರು ನೆಕ್ಕಿ ನೋಡ್ತಾರೆ ಅಂತ ಮಾಡಿದೆ. ಅವನು ನೆಕ್ಕದೇನೇ ಕಂಡುಹಿಡಿದ."

ಮೇಡಂ ಹೋಗಿ ಅಮ್ಮ ಬಂದಿತ್ತು. ಗಂಗಲಕ್ಷ್ಮಮ್ಮ ಅವಳ ರಟ್ಟೆ ಹಿಡಿದು ಎಬ್ಬಿಸಿದಳು.

"ಅಳೋದು ಆಮೇಲೆ ಅಳು. ಪೈಪು ಎಲ್ಲಿ?"

"ನಮ್ಮ ಅತ್ತೆ ಪಾಪಕ್ಕನ ಮೀನಂಗಡೀಲಿ. ಹೊಸಕೋಟೆ ಪೇಟೇಲಿ. ಐಸ್ ಪೆಟ್ಟಿಗೇಲಿ, ಬಂಗಡೆ ಮೀನಿನ ಕೆಳಗೆ."

"ತಡಿ, ಜೀಪು ಕರೆಸ್ತೀನಿ."

"ಬೇಡ. ಪೊಲೀಸ್ ಕಂಡ್ರೆ ಅತ್ತೆ ಹೆದರಿ ಚರಂಡಿಗೆ ಎಸೆದುಬಿಡ್ತಾಳೆ. ಒಳಗೇನಿದೆ ಅಂತ ಅವಳಿಗೆ ಗೊತ್ತಿಲ್ಲ. ನಾನೊಬ್ಬಳೇ ಸ್ಕೂಟರಲ್ಲಿ ಹೋಗಿ ತರ್ತೀನಿ. ಅರ್ಧ ಗಂಟೆ."

ಕಳಿಸುವಂತಿರಲಿಲ್ಲ. ಅದು ಗಂಗಲಕ್ಷ್ಮಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಸೀಲು ಒಡೆದವಳು ಮತ್ತೆ ಸೀಲು ಹಾಕುವ ತನಕ ಕೋಣೆ ಬಿಟ್ಟು ಕದಲುವಂತೆಯೂ ಇರಲಿಲ್ಲ. ಜೊತೆಗೆ ಬರಬೇಕಿದ್ದ ಕಾನ್‌ಸ್ಟೇಬಲ್ಲನ್ನು ಕೋರ್ಟಿನ ಬಂದೋಬಸ್ತಿಗೆ ಎಳೆದುಕೊಂಡಿದ್ದರು. ಇನ್ನೂ ಒಂದು ಮಾತಿತ್ತು. ಈ ಹುಡುಗಿಯ ಅಣ್ಣನ ಮಾತನ್ನು ಅವಳು ಒಮ್ಮೆ ತಪ್ಪಾಗಿ ಕೇಳಿಸಿಕೊಂಡಿದ್ದಳು. ತಂಗಿಯ ಮಾತನ್ನೂ ನಂಬದೆ ಹೋದರೆ?

"ಎರಡೂ ಮುಕ್ಕಾಲಿಗೆ ಇಲ್ಲಿರ್ಬೇಕು. ಚೀಟಿ ಮುಟ್ಬೇಡ. ಯಾರ ಹತ್ರಾನೂ ನಿಂತು ಮಾತಾಡ್ಬೇಡ. ತಿಳೀತಾ?"

"ಹೂಂ."

"ನಿಮ್ಮಣ್ಣನ ಜೀವ ಅದು, ಮಗಾ."

ಸಂಘಮಿತ್ರ ತಲೆಯಾಡಿಸಿದಳು. ದುಪಟ್ಟಾ ತಲೆಗೆ ಸುತ್ತಿಕೊಂಡು, ಆಲೂಗಡ್ಡೆ ಮೂಟೆಗಳ ಸಂದಿನಲ್ಲಿ ಓಡುನಡಿಗೆಯಲ್ಲಿ ಹೊರಟುಹೋದಳು. ತಿರುಗಿ ನೋಡಲಿಲ್ಲ. ಹೊರಗೆ ಸ್ಕೂಟರು ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. ಗಂಟೆ ಎರಡೂ ಹತ್ತು.

ಎರಡೂವರೆಯಾಯಿತು. ಗಂಗಲಕ್ಷ್ಮಮ್ಮ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ರಸ್ತೆಯ ಕಡೆಗೇ ಕಿವಿ ನೆಟ್ಟಿದ್ದಳು. ಸ್ಕೂಟರು ಹೋದ ಪ್ರತಿ ಸಲವೂ ಎದ್ದಳು. ಪ್ರತಿ ಸಲವೂ ಕೂತಳು.

ಎರಡೂ ಮುಕ್ಕಾಲಿಗೆ ಫೋನು ಮಾಡಿದಳು. ರಿಂಗಾಯಿತು. ಎತ್ತಲಿಲ್ಲ. ಮತ್ತೆ ಮಾಡಿದಳು. ಸ್ವಿಚಾಫ್.

ಮೂರಕ್ಕೆ ಬೈರೇಶನ ಫೋನು ಬಂತು. "ಏನಾಯ್ತು?"

"ಬರ್ತಾ ಇದೆ ಸಾರ್. ದಾರೀಲಿದೆ."

"ದಾರೀಲಿರೋದನ್ನ ಜಡ್ಜ್‌ಗೆ ತೋರ್ಸೋಕಾಗಲ್ಲ ಕಣ್ರೀ. ಯಾರು ತರ್ತಾ ಇದ್ದಾರೆ?"

ಅವಳು ಹೇಳಿದಳು. ಬೈರೇಶ ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. "ಕದ್ದೋಳ ಕೈಗೇ ಸಾಕ್ಷಿ ತರೋಕೆ ಕಳ್ಸಿದ್ರಾ?" ಎಂದು ಮೆಲ್ಲಗೆ ಕೇಳಿ ಇಟ್ಟುಬಿಟ್ಟ.

ಗಂಗಲಕ್ಷ್ಮಮ್ಮ ರೂಲ್ಸನ್ನು ಗಾಳಿಗೆ ತೂರಿದಳು. ಕೋಣೆಯ ಬೀಗ ಒತ್ತಿ, ಅಂಗಳ ದಾಟಿ ರವಿಚಂದ್ರರ ಆಫೀಸಿಗೆ ಓಡಿದಳು. ಬಾಗಿಲು ತೆರೆದಿತ್ತು. ಫ್ಯಾನು ತಿರುಗುತ್ತಿತ್ತು. ಕುರ್ಚಿ ಖಾಲಿ.

ಗೇಟಿನಲ್ಲಿ ವಾಚ್‌ಮನ್ ಆವಲಪ್ಪ ಬೀಡಿ ಮರೆಮಾಡಿ ಎದ್ದು ನಿಂತ.

"ಡಾಕ್ಟರ್ ಎಲ್ಲಯ್ಯಾ?"

"ಅವ್ರಾ? ಆಗ್ಲೇ ಹೋದ್ರಲ್ಲಮ್ಮ. ಆ ಹುಡುಗಿ ಸ್ಕೂಟರ್ ಹೋಯ್ತಲ್ಲ, ಅದರ ಹಿಂದೇನೇ ಕಾರು ತೆಗುದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲ."

"ಪೇಟೇಲಿ ಪಾಪಕ್ಕ ಅಂತ, ಮೀನಂಗಡಿ. ಗೊತ್ತಾ?"

"ಗೊತ್ತಿಲ್ದೆ ಏನು? ಭಾನುವಾರ ಭಾನುವಾರ ಅಲ್ಲೇ ತರೋದು ನಾವು. ನಂಬರ್ ಐತೆ."

ಆವಲಪ್ಪನ ಫೋನಿನಲ್ಲೇ ಮಾತಾಡಿದಳು. ಆ ಕಡೆ ಮೀನು ಕೊಚ್ಚುವ ಸದ್ದು, ಗಿರಾಕಿಗಳ ಗಲಾಟೆ.

"ಯಾರಮ್ಮ? ಸಂಘಮಿತ್ರನಾ? ಬಂದಿದ್ಲಲ್ಲ. ಪೆಟ್ಟಿಗೇಲಿ ಇಟ್ಟಿದ್ದ ಪೈಪು ತಗೊಂಡ್ಲು, ಹೋದ್ಲು. ಆಗ್ಲೇ ಮುಕ್ಕಾಲು ಗಂಟೆ ಆಯ್ತು."

"ಪೈಪಿನ ಮೇಲೆ ಚೀಟಿ ಇತ್ತಾ?"

"ಏನೋ ಅಂಟಿತ್ತು. ಅದನ್ನ ಕಿತ್ತು ಪರ್ಸಲ್ಲಿ ಇಟ್ಕೊಂಡ್ಲು."

"ಸ್ಕೂಟರಲ್ಲೇ ಹೊರಟ್ಲಾ?"

"ಇಲ್ಲ ಕಣಮ್ಮ, ಸ್ಕೂಟರು ಇಲ್ಲೇ ನಿಂತೈತೆ. ಕಾರಲ್ಲಿ ಹೋದ್ಲು. ಅವರ ಸಾರಂತೆ, ಕನ್ನಡಕದೋರು, ಇಳಿದು ಬಂದು ಡೋರ್ ತೆಗುದ್ರು."

"ಬಲವಂತ ಮಾಡಿದ್ರಾ? ಕೈಗೀ ಹಿಡಿದು ಎಳುದ್ರಾ? ನೆನಪು ಮಾಡ್ಕೊಂಡು ಹೇಳು ಪಾಪಕ್ಕ!"

"ಅಯ್ಯೋ, ಬಲವಂತ ಯಾಕಮ್ಮ? ಪೈಪನ್ನ ಕೂಸಿನಂಗೆ ಎದೆಗೆ ಅವುಚ್ಕೊಂಡು, ನಗ್ತಾ ನಗ್ತಾ ಮಾತಾಡ್ಕೊಂಡು ಹತ್ತಿದ್ಲು. ಎಷ್ಟು ದಿನ ಆಗಿತ್ತೋ ಆ ಮಗು ನಕ್ಕು."

ಅವಳ ಸ್ವಂತ ಮೊಬೈಲು ಜೇಬಿನಲ್ಲಿ ಅದುರಿತು. ಬೈರೇಶನ ಒಂದೇ ಸಾಲಿನ ಮೆಸೇಜು: "ಅಮರ್‌ನ ಒಳಗೆ ಕರೆದರು."

ಗೇಟಿನ ಮುಂದೆ ಒಂದರ ಹಿಂದೊಂದು ಲಾರಿಗಳು ಹೋದವು. ಸಿಟಿ ಬಸ್ಸು ನಿಂತು ನಾಲ್ಕು ಜನರನ್ನು ಇಳಿಸಿ ಹೋಯಿತು. ಗಂಗಲಕ್ಷ್ಮಮ್ಮ ನಾಲ್ವರ ಮುಖವನ್ನೂ ನೋಡಿದಳು. ಮೂರೂವರೆ ದಾಟಿತು, ನಾಲ್ಕಾಯಿತು. ಸಂಘಮಿತ್ರ ಬರಲಿಲ್ಲ.